ರಕ್ತದೊಳಗಿನ ಒಂದಕ್ಷರ

ಹೊಸಪೇಟೆಯಿಂದ ಕಮಲಾಪುರ, ರಾಮಸಾಗರದ ಮೇಲೆ ಕಂಪ್ಲಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಹೆಸರು ನೀಲಮ್ಮ. ಓಡುವ ಬಸ್ಸಿನಲ್ಲಿ ಎರಡೂ ಕೈ ಟಿಕೆಟ್ ಯಂತ್ರದ ಮೇಲಿರಬೇಕು. ಹಾಗಾಗಿ ಸೀಟಿನ ಪಕ್ಕದ ಕಂಬಿಗೆ ಎಡಪಕ್ಕೆ ಒತ್ತಿ ನಿಲ್ಲುವುದು ನನ್ನ ರೂಢಿ. ಒಂದು ಬೇಸಿಗೆಯಲ್ಲಿ ಆ ಕಂಬಿ ನೋಯಿಸತೊಡಗಿತು. ಪಕ್ಕೆಯ ಕೆಳಗೆ ಯಾರೋ ಒಳಗಿನಿಂದ ಅಂಗೈ ಇಟ್ಟು ಹೊರಕ್ಕೆ ತಳ್ಳಿದ ಹಾಗೆ. ನಾನು ಬಲಪಕ್ಕೆ ಒತ್ತಿ ನಿಲ್ಲುವುದನ್ನು ಕಲಿತೆ.

ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಸ್ತು ಅದರಿಂದಲೇ ಎಂದುಕೊಂಡೆ. ಎರಡು ತುತ್ತು ರೊಟ್ಟಿಗೆ ಹೊಟ್ಟೆ ತುಂಬುತ್ತಿತ್ತು. ಖಾಕಿ ಅಂಗಿ ಹೆಗಲಲ್ಲಿ ಜೋತಾಡುತ್ತಿತ್ತು, ಸೊಂಟದ ಎಡಕ್ಕೆ ಮಾತ್ರ ಬಿಗಿ. ಅತ್ತೆ ಸಂಗಮ್ಮ ಗ್ಯಾಸು ಎಂದು ಓಂಕಾಳು ಕುದಿಸಿ ಕೊಟ್ಟಳು. ಗಂಡ ಈರಣ್ಣ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಯಂತ್ರದ ಸದ್ದು ಬದಲಾದರೆ ಹೊರಗೆ ನಿಂತೇ ಹೇಳಬಲ್ಲವನು. ಅವನಿಗೂ ನನ್ನೊಳಗೆ ಏನಾಗುತ್ತಿದೆಯೆಂದು ಹೊಳೆಯಲಿಲ್ಲ.

ಹೊಳೆದದ್ದು ನಮ್ಮ ಬಸ್ಸಿನ ಡ್ರೈವರ್ ಹುಸೇನಣ್ಣನಿಗೆ. ಏಳು ವರ್ಷ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಬಸ್ಸು ಓಡಿಸಿದವನು. ಕಮಲಾಪುರದ ಸ್ಟಾಪಿನಲ್ಲಿ ಒಂದು ದಿನ ಇಂಜಿನ್ ಬಂದ್ ಮಾಡಿ ಹಿಂದಿರುಗಿ ನೋಡಿದ. "ನೀಲಕ್ಕ, ನೀವು ಕುಂದ್ರೋ ಪೈಕಿ ಅಲ್ರಿ. ಇವತ್ತು ಮೂರು ಸಲ ಕುಂತೀರಿ. ಡಾಕ್ಟರಿಗೆ ತೋರಿಸ್ರಿ, ಇಲ್ಲಂದ್ರ ನಾಳಿ ನಾನು ಗಾಡಿ ತೆಗ್ಯಾಂಗಿಲ್ಲ" ಎಂದ. ತಮಾಷೆಯ ದನಿಯಲ್ಲಿರಲಿಲ್ಲ.

ಹೊಸಪೇಟೆಯಲ್ಲಿ ನಾವು ತೋರಿಸುವ ಡಾಕ್ಟರು ವಯಸ್ಸಾದವರು. ಮಾತು ಕಡಿಮೆ. ಮಲಗಿಸಿ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿದರು. ಬೆರಳು ಕೆಳಗೆ ಸರಿಯಿತು, ಇನ್ನೂ ಕೆಳಗೆ, ಹೊಕ್ಕುಳ ಸಮೀಪಕ್ಕೆ ಬಂದು ನಿಂತಿತು. ಅವರು ನನ್ನ ಮುಖ ನೋಡಲಿಲ್ಲ. ತಮ್ಮ ಕೈಯನ್ನೇ ನೋಡುತ್ತಿದ್ದರು. ಗುಲ್ಮ, ಅಂದರೆ ಸ್ಪ್ಲೀನು, ಊದಿದೆ, ಎದುರಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ಅಲ್ಲೇ ಕೂತಿರಿ ಎಂದರು.

ಅಲ್ಲಿನ ಬೆಂಚಿನ ಮೇಲೆ ಕೂತ ಒಂದು ಗಂಟೆ ನನಗೆ ಚೆನ್ನಾಗಿ ನೆನಪಿದೆ. ರಕ್ತ ತೆಗೆದಾತ ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಯಂತ್ರ ಏನೋ ತಪ್ಪು ತೋರಿಸುತ್ತಿದೆ, ಇನ್ನೊಮ್ಮೆ ತೆಗೆಯುತ್ತೇನೆ ಎಂದ. ಎರಡನೇ ಸಲವೂ ಅದೇ ಬಂತು. ಆಮೇಲೆ ಆತ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದ ಮುಂದೆ ಕೂತದ್ದು ಬಾಗಿಲ ಸಂದಿಯಿಂದ ಕಂಡಿತು. ಬಹಳ ಹೊತ್ತು ತಲೆ ಎತ್ತಲಿಲ್ಲ. ಕಾಗದ ಕೊಡುವಾಗ ನೀರು ಬೇಕೇನಕ್ಕ ಎಂದು ಕೇಳಿದ. ಲ್ಯಾಬಿನಲ್ಲಿ ಯಾರೂ ನನಗೆ ಅದುವರೆಗೆ ನೀರು ಕೊಟ್ಟಿರಲಿಲ್ಲ. ಆಗ ಹೆದರಿದೆ.

ಬಿಳಿ ಕಣಗಳು ಸಾವಿರಗಳಲ್ಲಿ ಇರಬೇಕಾದ ಕಡೆ ಲಕ್ಷಗಳಲ್ಲಿದ್ದವು. ಡಾಕ್ಟರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಇದು ರಕ್ತದ ಕ್ಯಾನ್ಸರ್ ಇದ್ದ ಹಾಗಿದೆ, ಬೆಂಗಳೂರಿಗೆ ಹೋಗಿ ಖಚಿತ ಮಾಡಿಕೊಳ್ಳಬೇಕು ಎಂದರು. ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆಗ ಅವರು ಹೇಳಿದ ಮಾತು ಮಾತ್ರ ಆ ಸದ್ದನ್ನು ದಾಟಿ ಒಳಗೆ ಬಂತು.

"ನಾನು ಓದೂವಾಗ ಈ ಜಡ್ಡು ಬಂದೋರಿಗೆ ಏನು ಹೇಳಬೇಕು ಅಂತನ ತಿಳೀತಿರಲಿಲ್ಲ, ತಾಯಿ. ಈಗ ಇದಕ್ಕ ಗುಳಿಗಿ ಐತಿ. ದಿನಾ ಒಂದು ಗುಳಿಗಿ. ಯಾರೋ ಕುಂತು ಇದು ಯಾಕ ಬರ್ತದ ಅಂತ ಬುಡಮಟ್ಟ ಹುಡುಕ್ಯಾರ. ನೀವು ಹೆದರಬ್ಯಾಡ್ರಿ ಅಂತ ನಾನು ಸುಮ್ನ ಹೇಳಾಕತ್ತಿಲ್ಲ."

ಮನೆಯಲ್ಲಿ ಹೇಳಿದಾಗ ಈರಣ್ಣ ಎದ್ದು ಹೋಗಿ ಹಿತ್ತಲಲ್ಲಿ ಚೆನ್ನಾಗಿಯೇ ಓಡುತ್ತಿದ್ದ ನೀರಿನ ಮೋಟರನ್ನು ಬಿಚ್ಚಿ ಕೂತ. ಒಂಬತ್ತನೇ ತರಗತಿಯ ಮಗಳು ಸುಮಾ, ಕೂದಲು ಉದುರುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಮರುದಿನದಿಂದ ಬೆಳಿಗ್ಗೆ ನನ್ನ ತಲೆ ತಾನೇ ಬಾಚುವುದಾಗಿ ಹಟ ಹಿಡಿದಳು. ಬಾಚಿದ ಮೇಲೆ ಹಣಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅತ್ತೆ ನನ್ನ ತಟ್ಟೆಗೆ ಎರಡರ ಬದಲು ಮೂರು ರೊಟ್ಟಿ ಹಾಕಿ, ನಾನು ತಿನ್ನಲಾರದೆ ಉಳಿಸಿದ ಎರಡನ್ನು ತಾನೇ ತಿಂದಳು.

ಬೆಂಗಳೂರಿನ ಆಸ್ಪತ್ರೆಯ ಕಾಯುವ ಕೋಣೆ ನಮ್ಮ ಬಸ್‌ಸ್ಟ್ಯಾಂಡಿನಷ್ಟೇ ದೊಡ್ಡದು, ಅಷ್ಟೇ ಜನ. ಗೋಡೆಯ ಮೇಲಿನ ಕೆಂಪು ಅಂಕಿಗಳು ಬದಲಾದಾಗ ಎಲ್ಲರ ತಲೆಗಳೂ ಒಟ್ಟಿಗೆ ಮೇಲೇಳುತ್ತಿದ್ದವು. ಮುಖಗವಸು ಹಾಕಿದ ಮಕ್ಕಳು, ತಲೆಗೆ ಟವೆಲು ಸುತ್ತಿದ ಹೆಂಗಸರು. ನನ್ನ ಪಕ್ಕದ ಕುರ್ಚಿಯಲ್ಲಿ ರಾಯಚೂರು ಕಡೆಯ ಒಬ್ಬ ಹಿರಿಯರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಇಂಥ ಜಾಗದಲ್ಲಿ ಮನುಷ್ಯನಿಗೆ ನಿದ್ದೆ ಹೇಗೆ ಬರುತ್ತದೆ ಎಂದು ನನಗೆ ಸಿಟ್ಟೇ ಬಂತು. ಎಚ್ಚರವಾದಾಗ ನನ್ನ ಕಾಗದ ನೋಡಿ, ನನ್ನದೂ ಇದೇ ಜಡ್ಡು, ಮೊಮ್ಮಗಳು ಹುಟ್ಟಿದ ವರ್ಷ ಶುರುವಾಯಿತು, ಈಗ ಆಕೆ ಕಾಲೇಜಿಗೆ ಹೋಗುತ್ತಾಳೆ ಎಂದರು. ಗುಳಿಗೆಯನ್ನು ಹೊಟ್ಟೆ ತುಂಬ ಉಂಡ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು ಎಂದು ಹೇಳಿಕೊಟ್ಟರು. ಮತ್ತೆ ನಿದ್ದೆ ಹೋದರು. ನನಗೆ ಆ ಗೊರಕೆಯೇ ಧೈರ್ಯ ಹೇಳಿದಂತಾಯಿತು. ನನ್ನ ಸಂಖ್ಯೆ ಬರುವವರೆಗೂ ಅದನ್ನು ಕೇಳುತ್ತ ಕೂತೆ.

ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುವ ದಿನ ಬಿಳಿ ಕೋಟಿನ ಒಬ್ಬ ಹುಡುಗಿ ಕಾಗದಗಳ ಜೊತೆ ಬಂದಳು. ಪರೀಕ್ಷೆಗೆ ತೆಗೆಯುವ ಮಜ್ಜೆಯಲ್ಲಿ ಒಂದು ಚಮಚೆಯಷ್ಟನ್ನು ಸಂಶೋಧನೆಗೆ ಕೊಡುತ್ತೀರಾ, ಕೊಡದಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ ಎಂದು ಪುಸ್ತಕದ ಕನ್ನಡದಲ್ಲಿ ಓದಿ ಹೇಳಿದಳು. ನಾನು ಈರಣ್ಣನ ಕಡೆ ತಿರುಗಿ "ಏನ್ ಮಾಡೂಣು?" ಎಂದದ್ದಷ್ಟೇ. ಹುಡುಗಿಯ ಮುಖವೇ ಬದಲಾಯಿತು.

"ಯಾವೂರ್ರಿ ಅಕ್ಕ ನಿಮ್ದು? ನಂದು ಸಂಡೂರು."

ಹೆಸರು ಕವಿತಾ. ತಂದೆ ಅದಿರು ಲಾರಿ ಓಡಿಸುತ್ತಿದ್ದವರು, ಈಗ ಇಲ್ಲ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಹೇಗೆ ಮುಟ್ಟಿಸುತ್ತವೆ, ಆ ಸುದ್ದಿ ಎಲ್ಲಿ ತಪ್ಪಿದರೆ ಯಾವ ಕಾಯಿಲೆ ಬರುತ್ತದೆ ಎನ್ನುವುದು ಅವಳ ಓದು. ಆಸ್ಪತ್ರೆಗೆ ಹೊಂದಿಕೊಂಡ ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ನಾನು ಸಹಿ ಮಾಡಿದೆ. ಸೂಜಿ ಎಲುಬಿನೊಳಗೆ ಇಳಿದಾಗ ಹಲ್ಲು ಕಚ್ಚಿದ ನನ್ನ ಕೈ ಹಿಡಿದುಕೊಂಡದ್ದು ಅವಳೇ. ಅದು ಅವಳ ಕೆಲಸವಾಗಿರಲಿಲ್ಲ.

ಅಂದು ಅವಳಿಂದ ತಿಳಿದದ್ದು ಇಷ್ಟು. ನನ್ನ ಮಜ್ಜೆಯ ಯಾವುದೋ ಒಂದು ಕಣದಲ್ಲಿ, ಯಾವತ್ತೋ ಒಂದು ದಿನ, ವರ್ಣತಂತುಗಳ ಎರಡು ಎಳೆಗಳು ತುಂಡಾಗಿ ಅದಲುಬದಲಾಗಿ ಜೋಡಿಕೊಂಡಿವೆ. ಆ ಜೋಡಣೆಯಿಂದ ಆ ಕಣದಲ್ಲಿ ಒಂದು ಸುದ್ದಿ ನಿಲ್ಲದೆ ಹರಿಯತೊಡಗಿದೆ: ಎರಡಾಗು, ಎರಡಾಗು. ಸಾಕು ಎನ್ನುವುದು ಅದಕ್ಕೆ ಕೇಳಿಸುವುದಿಲ್ಲ. ಗುಳಿಗೆ ಹೋಗಿ ಆ ಸುದ್ದಿ ಹೊರಡುವ ಜಾಗದಲ್ಲಿ ಕೂತು ಅದರ ಬಾಯಿ ಮುಚ್ಚುತ್ತದೆ. ಬೇರೆ ಕಣಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅದಕ್ಕೇ ಕೂದಲು ಹೋಗುವುದಿಲ್ಲವಂತೆ. ನಾನು ಇದನ್ನು ಫೋನಿನಲ್ಲಿ ಮೊದಲು ಹೇಳಿದ್ದು ಸುಮಾಗೆ.

ಗುಳಿಗೆ ಶುರುವಾದ ಮೂರನೇ ವಾರ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡಪಕ್ಕೆಯ ಮೇಲೆ ಕೈ ಹೋಯಿತು. ಕಲ್ಲಿನಂತಿದ್ದದ್ದು ಮೆತ್ತಗಾಗಿತ್ತು. ಮತ್ತೊಂದು ತಿಂಗಳಿಗೆ ಹುಡುಕಿದರೂ ಸಿಗಲಿಲ್ಲ. ನಾನು ಬಚ್ಚಲಿನಲ್ಲಿ ಬೆತ್ತಲೆ ನಿಂತು ನನ್ನ ಹೊಟ್ಟೆಯನ್ನು ನಾನೇ ಒತ್ತಿ ಒತ್ತಿ ನೋಡಿದೆ. ಹುಣಸೆಬೀಜದಷ್ಟಿದ್ದ ಹಳದಿ ಗುಳಿಗೆಯೊಂದು ಅಷ್ಟು ದೊಡ್ಡದನ್ನು ಕರಗಿಸಿತ್ತು.  ನಾನು ಕಾಣದ, ನನ್ನನ್ನು ಕಾಣದ ಎಷ್ಟೋ ಜನ ಎಲ್ಲೆಲ್ಲೋ ಕೂತು ನನ್ನ ಮಜ್ಜೆಯೊಳಗಿನ ಒಂದು ಬಾಯಿಯ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಒಂದು ಬಿರಡೆ ಕೆತ್ತಿದ್ದರು. ನಾನು ಆಗ ಟಿಕೆಟ್ ಕೊಡುತ್ತಿದ್ದೆ, ಅಥವಾ ಹುಟ್ಟಿರಲೇ ಇಲ್ಲ.

ಗುಳಿಗೆ ಸುಮ್ಮನೆ ಕೆಲಸ ಮಾಡಲಿಲ್ಲ ಎಂದೂ ಹೇಳಬೇಕು. ಬೆಳಿಗ್ಗೆ ಕಣ್ಣಿನ ಕೆಳಗೆ ಊದುತ್ತಿತ್ತು. ಮೀನಖಂಡ ಹಿಡಿದುಕೊಂಡು ಬಸ್ಸಿನಲ್ಲೇ ಕಾಲು ಝಾಡಿಸುತ್ತಿದ್ದೆ. ವಾಕರಿಕೆ ಬಂದ ದಿನ ಹುಸೇನಣ್ಣ ಕೇಳದೆಯೇ ಗಾಡಿ ನಿಧಾನ ಮಾಡುತ್ತಿದ್ದ. ಆದರೆ ನಾನು ಮತ್ತೆ ಎಡಪಕ್ಕೆ ಒತ್ತಿ ನಿಂತು ಟಿಕೆಟ್ ಕೊಡುತ್ತಿದ್ದೆ. ಈರಣ್ಣ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ನಾನು ಗುಳಿಗೆ ನುಂಗಿದ್ದನ್ನು ಕಣ್ಣಾರೆ ಕಂಡು, ದಿನಾ ಒಂದು ಗೀಟು ಎಳೆಯುತ್ತಿದ್ದ. ತಿಂಗಳು ಮುಗಿದ ಹಾಳೆಯನ್ನು ಹರಿದು ಎಸೆಯದೆ ಮಡಚಿಡುತ್ತಿದ್ದ. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬರುವುದು, ಕಾಯಿಲೆಯ ಅಂಶ ಎಷ್ಟು ಉಳಿದಿದೆಯೆಂದು ಕೇಳುವುದು. ಪ್ರತಿ ಸಲ ಇಳಿಯುತ್ತಿತ್ತು.

ಒಂದೂವರೆ ವರ್ಷದ ಹೊತ್ತಿಗೆ ಅದು ಏರಿತು.

ಬೆಂಗಳೂರಿನಲ್ಲಿ ನನ್ನನ್ನು ನೋಡುವ ಡಾಕ್ಟರಮ್ಮ ಮೊದಲು ಕೇಳಿದ್ದು, ಗುಳಿಗೆ ಎಷ್ಟು ದಿನ ತಪ್ಪಿಸಿದಿರಿ ಎಂದು. ಒಂದು ದಿನವೂ ಇಲ್ಲ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎನ್ನುವುದು ಅವರ ಮುಖದಲ್ಲಿತ್ತು, ಬೈಯಲಿಲ್ಲ, ದಣಿದಿದ್ದರು. ಆಗ ಈರಣ್ಣ ತನ್ನ ಚೀಲದಿಂದ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರಡಿದ. ಒಂದೂವರೆ ವರ್ಷದ ಗೀಟುಗಳು. ಎಲ್ಲೂ ಖಾಲಿ ಮನೆ ಇರಲಿಲ್ಲ.  ಡಾಕ್ಟರಮ್ಮ ಎಲ್ಲ ಹಾಳೆಗಳನ್ನೂ ನೋಡಿ, ನನ್ನ ಕಡೆ ತಿರುಗಿ ಕ್ಷಮಿಸಿ ಎಂದರು. ಹಾಗಿದ್ದರೆ ಕಾಯಿಲೆಯೇ ಬದಲಾಗಿರಬಹುದು, ಗುಳಿಗೆ ಕೂರುವ ಜಾಗದ ಆಕಾರ ಬೇರೆಯಾಗಿರಬಹುದು, ಅದನ್ನು ಓದಿ ನೋಡಬೇಕು, ಕೆಲವು ವಾರ ಹಿಡಿಯುತ್ತದೆ ಎಂದರು. ಕೆಲವು ಬದಲಾವಣೆಗಳಿಗೆ ಬೇರೆ ಗುಳಿಗೆ ಉಂಟು, ಒಂದಕ್ಕೆ ಮಾತ್ರ ಸಿಗುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ಬೇರೆ ಯಾವುದಾದರೂ ಔಷಧಿ, ಬೇರು, ಪುಡಿ ತೆಗೆದುಕೊಳ್ಳುತ್ತಿದ್ದೀರಾ ಎಂದರು. ಇಲ್ಲ ಎಂದೆ. ಅದು ನಿಜವೆಂದೇ ನಂಬಿದ್ದೆ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಮಜ್ಜಿಗೆ ಕುಡಿಯುವಾಗ ಲೋಟದ ತಳದಲ್ಲಿ ಕಂದು ಬಣ್ಣದ ಮಡ್ಡಿ ಕಂಡಿತು. ಮೊದಲೂ ಕಂಡಿರಬಹುದು, ಜೀರಿಗೆ ಎಂದುಕೊಂಡಿರಬಹುದು. ಅತ್ತೆಯನ್ನು ಕೇಳಿದೆ. ಸಂಗಮ್ಮ ಮುಚ್ಚುಮರೆ ಮಾಡಲಿಲ್ಲ. ಸಂಡೂರಿನ ಗುಡ್ಡದ ಬೇರು, ರಕ್ತ ಶುದ್ಧಿ ಮಾಡುತ್ತದೆ, ನಾಲ್ಕು ತಿಂಗಳಿಂದ ದಿನಾ ಹಾಕುತ್ತಿದ್ದೇನೆ, ನೀನು ಬೇಡವೆನ್ನುತ್ತೀ ಎಂದು ಹೇಳಲಿಲ್ಲ ಎಂದಳು.

ನಾನು ಆಡಿದ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಬರೆಯದಿದ್ದರೆ ಈ ಕಥನಕ್ಕೆ ಅರ್ಥವಿಲ್ಲ. "ಜಡ್ಡು ನನ್ನ ಕೊಲ್ಲಲಿಲ್ಲ ಅಂತ ನೀನು ಕೊಲ್ಲಾಕ ನೋಡಿದಿ ಅತ್ತಿ" ಎಂದೆ. ಸುಮಾ ಅಲ್ಲೇ ನಿಂತಿದ್ದಳು.

ಅತ್ತೆ ಲೋಟವನ್ನು ತೊಳೆದಿಟ್ಟಳು. ಎರಡು ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ತನ್ನ ಮಗಳ ಮನೆಗೆ ಹೊರಟಳು. ಹೋಗುವಾಗ ಈರಣ್ಣ ತಡೆದ. ನೀಲಮ್ಮಗೆ ಗುಣವಾಗುವವರೆಗೆ ನಾನು ಈ ಮನೆಯ ಒಲೆ ಮುಟ್ಟುವುದಿಲ್ಲ ಎಂದಳಂತೆ. ಹೋದದ್ದು ನಮ್ಮದೇ ಬಸ್ಸಿನಲ್ಲಿ. ನಾನು ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ನನ್ನ ಮುಖ ನೋಡದೆ ತೆಗೆದುಕೊಂಡು, ಕಮಲಾಪುರದಲ್ಲಿ ಇಳಿದಳು.

ಫಲಿತಾಂಶಕ್ಕೆ ಕಾದ ಆ ವಾರಗಳು ಮೊದಲ ಸಲದ್ದಕ್ಕಿಂತ ಕಷ್ಟದವು. ಮೊದಲ ಸಲ ಕಾಯಿಲೆ ಎಲ್ಲಿಂದಲೋ ಬಂದದ್ದಾಗಿತ್ತು. ಈಗ ಅದಕ್ಕೊಂದು ಮುಖವಿತ್ತು, ಆ ಮುಖ ನನ್ನ ಅತ್ತೆಯದು. ಸಿಟ್ಟು ಇದ್ದಷ್ಟು ಹೊತ್ತು ಹೆದರಿಕೆ ದೂರವಿರುತ್ತಿತ್ತು, ಹಾಗಾಗಿ ಸಿಟ್ಟನ್ನು ಬೆಚ್ಚಗೆ ಇಟ್ಟುಕೊಂಡೆ. ಸುಮಾ ನನ್ನ ತಲೆ ಬಾಚುವುದನ್ನು ನಿಲ್ಲಿಸಿದಳು. ಕಾರಣ ಕೇಳಿದರೆ ಓದುವುದಿದೆ ಎಂದಳು. ಕಮಲಾಪುರದ ಸ್ಟಾಪಿನಲ್ಲಿ ದಿನಕ್ಕೆ ನಾಲ್ಕು ಸಲ ನಾನು ಬಾಳೆಗೊನೆಗಳ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಅತ್ತೆಯ ಮಗಳ ಮನೆ ರಸ್ತೆಯ ಎದುರು ಬದಿಗಿತ್ತು.

ಆಸ್ಪತ್ರೆಯಿಂದ ಕರೆ ಬಂದು ಹೋದಾಗ ಡಾಕ್ಟರಮ್ಮ ಮುಖ ಸಡಿಲ ಮಾಡಿಕೊಂಡಿದ್ದರು. ಜಾಗದ ಆಕಾರ ಬದಲಾದದ್ದು ನಿಜ. ಆದರೆ ಅವರು ಹೆದರಿದ್ದ ಬದಲಾವಣೆ ಅಲ್ಲ. ಇದಕ್ಕೆ ಒಪ್ಪುವ ಇನ್ನೊಂದು ಗುಳಿಗೆ ಉಂಟು, ಇವತ್ತೇ ಶುರು ಮಾಡೋಣ ಎಂದರು. ಈರಣ್ಣ ಕುರ್ಚಿಯ ಕೈ ಹಿಡಿದು ಕೂತ. ನಾನು ಕೇಳಬೇಕಾದದ್ದನ್ನು ಕೇಳಿದೆ. ಬೇರಿನ ಪುಡಿಯ ಕಥೆಯೆಲ್ಲ ಹೇಳಿ, ಇದು ಅದರಿಂದಾಯಿತೇ ಎಂದೆ.

ಪುಡಿಯನ್ನು ಇನ್ನು ಮುಟ್ಟಬೇಡಿ, ಗುಳಿಗೆಯ ಜೊತೆ ಏನು ಸೇರಿ ಏನು ಮಾಡುತ್ತದೋ ನಮಗೆ ಗೊತ್ತಿಲ್ಲ, ಲಿವರಿಗೂ ಒಳ್ಳೆಯದಲ್ಲ ಎಂದರು ಅವರು. ಆಮೇಲೆ ಕಾಗದ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. "ಆದರೆ ಈ ತಪ್ಪನ್ನು ಆ ಪುಡಿ ಬರೆದದ್ದಲ್ಲ, ನೀಲಮ್ಮ. ಲೆಕ್ಕವಿಲ್ಲದಷ್ಟು ಕಣಗಳು ತಮ್ಮೊಳಗಿನ ಡಿಎನ್ಎ ಬರಹವನ್ನು ನಕಲು ಮಾಡಿಕೊಳ್ಳುವಾಗ ಎಲ್ಲೋ ಒಂದರಲ್ಲಿ ಒಂದಕ್ಷರ ತಪ್ಪಿದೆ. ಇದರಲ್ಲಿ ಯಾರ ಕೈಯೂ ಇಲ್ಲ."

ಹೊರಗೆ ಕವಿತಾ ಕಾಯುತ್ತಿದ್ದಳು. ಅವಳು ತನ್ನ ಮೇಡಮ್ಮಿಂದ ಅನುಮತಿ ಕೇಳಿಟ್ಟಿದ್ದಳಂತೆ. ನಮ್ಮಿಬ್ಬರಿಗೂ ಬಿಳಿ ಕೋಟು ತೊಡಿಸಿ, ಚಪ್ಪಲಿಗೆ ನೀಲಿ ಚೀಲ ಕಟ್ಟಿಸಿ ಪ್ರಯೋಗಾಲಯದೊಳಗೆ ಕರೆದುಕೊಂಡು ಹೋದಳು. ದೊಡ್ಡದೇನೋ ಇರಬಹುದೆಂದುಕೊಂಡಿದ್ದೆ. ಕಿರಿದಾದ ಕೋಣೆ, ಫ್ರಿಜ್ಜುಗಳ ಗುಂಯ್‌ಗುಡಿಕೆ, ಗೋಡೆಗೆ ಯಾರದೋ ಮಗುವಿನ ಚಿತ್ರ. ಈರಣ್ಣ ಒಳಗೆ ಕಾಲಿಟ್ಟವನೇ ಕಿವಿಗೊಟ್ಟು, ಮೂಲೆಯ ಯಂತ್ರದ ಬೇರಿಂಗ್ ಸವೆದಿದೆ ಎಂದ. ಕವಿತಾ ನಕ್ಕು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಮೊದಲು ಅವಳು ತೋರಿಸಿದ್ದು ಒಂದು ಕಾಗದ. ನಾಲ್ಕು ಬಣ್ಣದ ಗುಡ್ಡಗಳು ಸಾಲಾಗಿ, ಒಂದರ ಹಿಂದೆ ಒಂದು. ಒಂದೊಂದು ಗುಡ್ಡ ಒಂದಕ್ಷರ. ಸಾಲಿನ ನಡುವೆ ಒಂದು ಕಡೆ ಮಾತ್ರ ಒಂದರ ಮೈಮೇಲೆ ಇನ್ನೊಂದು ಗುಡ್ಡ ಎದ್ದಿತ್ತು. "ಇಲ್ಲಿ ನೋಡ್ರಿ ಅಕ್ಕ. ಇರಬೇಕಾದ ಅಕ್ಷರ ಇದು, ಬಂದದ್ದು ಇದು. ಇಷ್ಟ." ಅವಳ ಉಗುರಿನ ತುದಿಯ ಅಡಿಯಲ್ಲಿ ಅದು ಮುಚ್ಚಿಹೋಗುತ್ತಿತ್ತು. ನನ್ನ ಮನೆಯನ್ನು ಎರಡು ಮಾಡಿದ್ದು ಅದು.

ಆಮೇಲೆ ಒಂದು ಫಿಲಂ ಪಟ್ಟಿ ತಂದು ಬೆಳಕಿಗೆ ಹಿಡಿದಳು. ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿದಂತೆ ಸಣ್ಣ ಕಪ್ಪು ಪಟ್ಟೆಗಳು. ಮೊದಲ ದಿನ ನನ್ನಿಂದ ತೆಗೆದ ಕಣಗಳನ್ನು ಅವಳು ಮಂಜಿಗಿಂತ ತಣ್ಣನೆಯ ಡಬ್ಬಿಯಲ್ಲಿ ಇಟ್ಟಿದ್ದಳು, ಈಚೆಗೆ ತೆಗೆದವನ್ನೂ ಕೂಡ. ಎರಡನ್ನೂ ಎಬ್ಬಿಸಿ ಗುಳಿಗೆಯ ಮದ್ದು ಹಾಕಿ, ಹಾಕದೆ, ಒಳಗಿನ ಸುದ್ದಿ ಹರಿಯುತ್ತಿದೆಯೇ ನಿಂತಿದೆಯೇ ಎಂದು ನೋಡಿದ್ದಳು. ಕಪ್ಪು ಪಟ್ಟೆ ಇದ್ದರೆ ಹರಿಯುತ್ತಿದೆ ಎಂದರ್ಥ. ಮೊದಲ ದಿನದ ಕಣಗಳು, ಮದ್ದಿಲ್ಲದೆ: ಕಡುಕಪ್ಪು. ಅವೇ ಕಣಗಳು ಮದ್ದಿನ ಜೊತೆ: ಏನೂ ಇಲ್ಲ, ಖಾಲಿ. ಈಚಿನ ಕಣಗಳು ಅದೇ ಮದ್ದಿನ ಜೊತೆ: ಮತ್ತೆ ಕಪ್ಪು. ಕೊನೆಯ ಮನೆ, ಈಚಿನ ಕಣಗಳು ಹೊಸ ಮದ್ದಿನ ಜೊತೆ. ಅದು ಖಾಲಿಯಿತ್ತು.

ಈರಣ್ಣ ಆ ಖಾಲಿ ಜಾಗವನ್ನು ನೋಡುತ್ತ ನಿಂತ. ಯಂತ್ರ ಕೆಟ್ಟದ್ದು ಎಲ್ಲಿ ಎಂದು ಹುಡುಕಿ ಜೀವನ ಮಾಡುವ ಮನುಷ್ಯ. ಕಣ್ಣು ಒರೆಸಿಕೊಂಡು, ಇದನ್ನು ಕಂಡುಹಿಡಿದವರಿಗೆ ನಮ್ಮೂರಿನ ಅಕ್ಕಿ ಕಳಿಸಲಿಕ್ಕಾಗುತ್ತದೆಯೇ ಎಂದು ಕೇಳಿದ. ಕವಿತಾ, ಒಬ್ಬರಲ್ಲ, ಲೆಕ್ಕ ಹಾಕಲಿಕ್ಕಾಗದಷ್ಟು ಜನ, ಎಷ್ಟೋ ಮಂದಿ ಈಗ ಇಲ್ಲ ಎಂದಳು.

ಊರಿಗೆ ಬಂದ ಮರುದಿನ ನನ್ನ ಪಾಳಿ ಇರಲಿಲ್ಲ. ಪ್ರಯಾಣಿಕಳಾಗಿ ಕಮಲಾಪುರಕ್ಕೆ ಹೋದೆ. ಅತ್ತೆ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಒಣಗಿದ ಬಾಳೆಪಟ್ಟೆ ಸೀಳುತ್ತಿದ್ದಳು. ಸೊರಗಿ ಇಳಿದು ಹೋಗಿದ್ದಳು. ನಾನು ಪಕ್ಕದಲ್ಲಿ ಕೂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಕವಿತಾ ಕೊಟ್ಟ ಬಣ್ಣದ ಗುಡ್ಡಗಳ ಕಾಗದವನ್ನು ಬಿಚ್ಚಿ ಆಕೆಯ ತೊಡೆಯ ಮೇಲಿಟ್ಟು, ಇಲ್ಲಿ ತಪ್ಪಿದ್ದು, ನಿನ್ನಿಂದಲ್ಲ ಎಂದೆ. ಆಕೆಗೆ ಓದು ಬರುವುದಿಲ್ಲ. ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಹೇಳದ ಹಾಕಿದ್ದು ನಂದ ತಪ್ಪು," ಎಂದಳು. "ನೀನು ಹೋಗಿಬಿಡ್ತಿ ಅಂತ ನನಗ ಭಾಳ ಹೆದರಿಕಿ ಆಗಿತ್ತವ್ವ. ಕೈ ಸುಮ್ನ ಇಟಗೊಂಡು ಕುಂದ್ರಾಕ ಆಗಲಿಲ್ಲ."

ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಆಕೆ ಆ ಮಾತನ್ನು ಎತ್ತಲೇ ಇಲ್ಲ; ಹೊಸ ಗುಳಿಗೆಯನ್ನು ಊಟದ ಮೊದಲೋ ಆಮೇಲೋ ಎಂದು ಕೇಳಿದಳು. ಸಂಜೆ ಮೊದಲು ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿದೆವು. ಹುಸೇನಣ್ಣ ಕನ್ನಡಿಯಲ್ಲಿ ನೋಡಿ ಗಾಡಿ ಬಿಟ್ಟ. ಮನೆಗೆ ಬಂದಾಗ ಸುಮಾ ಹಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಸಂಜೆಯಾಗಿದ್ದರೂ.

ಹೊಸ ಗುಳಿಗೆಯಲ್ಲಿ ಅಂಕಿ ಮತ್ತೆ ಇಳಿಯಿತು. ಈಗ ಅದು ಎಷ್ಟು ಕೆಳಗಿದೆಯೆಂದರೆ ಯಂತ್ರಕ್ಕೂ ಕಾಣುವುದಿಲ್ಲ. ಗುಣವಾಯಿತೇ ಎಂದು ಕೇಳುವವರಿಗೆ ನಾನು ಹೌದೆನ್ನುವುದಿಲ್ಲ. ದಿನಾ ಗುಳಿಗೆ ನುಂಗುತ್ತೇನೆ, ಮೂರು ತಿಂಗಳಿಗೊಮ್ಮೆ ಹೆದರುತ್ತೇನೆ. ಹೊಸ ಗುಳಿಗೆಯಿಂದ ಶ್ವಾಸಕೋಶದ ಸುತ್ತ ನೀರು ತುಂಬಿ ಒಂದು ವಾರ ಮಲಗಿದ್ದೂ ಉಂಟು. ಕಂಪ್ಲಿ ಕಡೆಯಿಂದ ಹತ್ತುವವರಲ್ಲಿ ಯಾರಾದರೂ ಆಸ್ಪತ್ರೆಯ ಫೈಲು ಎದೆಗವಚಿಕೊಂಡು ಕೂತಿದ್ದರೆ ಈಗ ನನಗೆ ಕೂಡಲೇ ಗೊತ್ತಾಗುತ್ತದೆ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಕಿಟಕಿಯ ಸೀಟು ಕೊಡಿಸುತ್ತೇನೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ನನಗೆ ಹೇಳಲಿಕ್ಕಿರುವುದು ಸ್ವಲ್ಪ: ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ಕೊಡುವ ಬೇರು, ಪುಡಿಯ ವಿಷಯ ಡಾಕ್ಟರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟವರ ಮೇಲೆ ಬಾಯಿ ಮಾಡುವ ಮೊದಲು ಒಂದು ದಿನ ತಡೆಯಿರಿ.

ಹೋದ ಸಲ ಬೆಂಗಳೂರಿಗೆ ಅತ್ತೆ ತಾನೂ ಬರುತ್ತೇನೆಂದಳು. ನನ್ನ ಮೈಯೊಳಗಿನ ಆ ಕಣಗಳನ್ನು ನೋಡಬೇಕಂತೆ. ನನ್ನಲ್ಲಿ ಈಗ ಸಿಗದ ಅವು ಕವಿತಾಳ ತಣ್ಣನೆಯ ಡಬ್ಬಿಯಲ್ಲಿ ಇನ್ನೂ ಇವೆ. ಅವುಗಳ ಮೇಲೆ ಅವಳು ಹೊಸ ಮದ್ದುಗಳನ್ನು ಪರೀಕ್ಷಿಸುತ್ತಿದ್ದಾಳೆ, ಯಾವ ಗುಳಿಗೆಯೂ ಒಪ್ಪದವರಿಗಾಗಿ. ಅಂದು ಒಂದಿಷ್ಟನ್ನು ಎಬ್ಬಿಸಿ ತಟ್ಟೆಯಲ್ಲಿ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದಳು.

ಮೊದಲು ನಾನು ನೋಡಿದೆ. ಕತ್ತಲೆಯಲ್ಲಿ ತೇಲುವ ದುಂಡನೆಯ ಬೆಳಕುಗಳು. ಪ್ರತಿಯೊಂದರ ಸುತ್ತ ಒಂದು ಬೆಳ್ಳಿಯ ಅಂಚು. ಒಂದು ಕಡೆ ಒಂದು ಕಣ ನಡುವೆ ಸೊಂಟ ಹಿಡಿದಂತೆ ಸಣ್ಣಗಾಗಿತ್ತು, ಎರಡಾಗಲು ಹೊರಟಿತ್ತು. ನನ್ನನ್ನು ಕೊಲ್ಲಲು ಹೊರಟಿದ್ದವು ಇಷ್ಟು ಚೆಂದ ಇರುತ್ತವೆಂದು ನನಗೆ ಗೊತ್ತಿರಲಿಲ್ಲ. ಹಿಂದೆ ಸರಿದು ಅತ್ತೆಗೆ ಜಾಗ ಕೊಟ್ಟೆ.

ಕವಿತಾ ಸ್ಟೂಲು ಎತ್ತರಿಸಿದಳು. ಸಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಬಗ್ಗಿದಳು.  ಕಣ್ಣು ತೆಗೆಯದೆಯೇ ಕೇಳಿದಳು.

"ಇವಕ್ಕ ಮದ್ದು ಹಾಕ್ತಿ ಅಲ್ಲವ್ವ, ಆವಾಗ ನೋವು ಆಕ್ಕೈತೇನು?"

ಕವಿತಾ ಸ್ಟೂಲಿನ ಪಕ್ಕಕ್ಕೆ ಬಂದಳು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. "ಇಲ್ಲ ಅಮ್ಮ. ಇವಕ್ಕ ನೋವು ತಿಳಿಯಾಂಗಿಲ್ಲ."

"ಹಂಗಾದ್ರ ಆತು," ಎಂದಳು ಅತ್ತೆ. "ಏನ ಆಗ್ಲಿ, ನಮ್ಮ ನೀಲಮ್ಮನವ ಅಲ್ಲೇನು. ಅದಕ್ಕ ಕೇಳಿದೆ."

ಹೊರಗೆ ನಮ್ಮ ಸಂಖ್ಯೆ ಬರುವ ಹೊತ್ತಾಗಿತ್ತು. ಅತ್ತೆ ಮತ್ತೆ ಬಗ್ಗಿ ಕಣ್ಣಿಟ್ಟಳು. ನಾವಿಬ್ಬರೂ ಆಕೆಯನ್ನು ಅವಸರಪಡಿಸಲಿಲ್ಲ.